ಎಳೆದರೆ ಬಿಗಿಯುವ ಗಂಟು

ಮಾಲ್ಪಿಕಾದ ಬಂದರುಕಟ್ಟೆಯ ಮೇಲೆ
ನಲವತ್ತೊಂದು ವರ್ಷ ಬಲೆ ರಿಪೇರಿ ಮಾಡಿದವಳು, ದೊಸಿಂದಾ.
ಹರಿದ ಬಲೆ ಎಂಥದೇ ಇರಲಿ, ಬೆರಳಿಗೆ ಗೊತ್ತು.
ಕೂರುವುದು ಮಾತ್ರ, ಈ ಎರಡು ವರ್ಷದಿಂದ,
ಕೆಂಡದ ಮೇಲೆ.

ಎಲ್ಲಿ ನೋವು ಎಂದವರಿಗೆ
ಸೊಂಟ ಎಂದೆ. ಬೆನ್ನು ಎಂದೆ. ವಯಸ್ಸು ಎಂದೆ.
ಆ ಮನೆಯ ಸುತ್ತ ಮೂರು ಸುತ್ತು ಹಾಕಿ
ಕದ ತಟ್ಟದೆ ವಾಪಸು ಬಂದೆ.
ಆ ಜಾಗಕ್ಕೆ ನಮ್ಮಮ್ಮ ಇಟ್ಟ ಹೆಸರು 'ಅಲ್ಲಿ'.
ಅಲ್ಲಿ ತೊಳಕೋ. ಅಲ್ಲಿ ಮುಟ್ಟಬೇಡ.
ಅಲ್ಲಿಯ ಮಾತು ಅಲ್ಲಿಗೇ ಬಿಡು.

ಕಟ್ಟೆಯ ಮೇಲೆ ಗಂಡಸರಿಗೆ ಇಡೀ ಅಟ್ಲಾಂಟಿಕ್ ಇತ್ತು.
ನಮಗಿದ್ದದ್ದು ಮಧ್ಯಾಹ್ನ ಎರಡರ ಸೈರನ್.
ಅಲ್ಲಿಯ ತನಕ ಹಿಡಿದುಕೊಂಡೆವು.
ಮೂತ್ರ ಹಿಡಿದೆವು, ಮಾತು ಹಿಡಿದೆವು,
ಬಿರುಗಾಳಿಯ ರಾತ್ರಿ ದೋಣಿ ಬರುವ ತನಕ
ಉಸಿರು ಹಿಡಿದೆವು.
ದೋಣಿ ಬಂತು.
ಹಿಡಿದದ್ದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ.

ಕಾರ್ಬಾಲ್ಯೊದ ಫಿಸಿಯೋಥೆರಪಿ ಹುಡುಗಿ ಇರಿಯಾ,
ಒಂದೇ ಕಿವಿಗೆ ಮೂರು ಓಲೆ, ಬೆಚ್ಚನೆ ಕೈ,
ಹೇಳಿದಳು: ತಳದಲ್ಲೊಂದು ಸ್ನಾಯುವಿನ ಬಲೆ ಇದೆ,
ಮುಂದಿನ ಮೂಳೆಯಿಂದ ಬಾಲದ ಮೂಳೆಗೆ ಕಟ್ಟಿದ್ದು.
ನಿಮ್ಮದು ಜೋತುಬಿದ್ದಿಲ್ಲ ದೊಸಿಂದಾ,
ಬಿಡುವುದನ್ನೇ ಮರೆತಿದೆ.
ಆ ಬಿಗಿ ಮಾಡುವ ವ್ಯಾಯಾಮ ಸದ್ಯಕ್ಕೆ ನಿಲ್ಲಿಸಿ.

(ಪಕ್ಕದ ಮನೆಯವಳು ಹೇಳಿಕೊಟ್ಟದ್ದು,
ದಿನಕ್ಕೆ ನೂರು ಸಲ ಮಾಡುತ್ತಿದ್ದೆ,
ಒದ್ದೆ ಹಗ್ಗಕ್ಕೆ ಇನ್ನೊಂದು ಸುತ್ತು ಕೊಟ್ಟಂತೆ.)

ಆಮೇಲೆ ಡ್ರಾಯರಿನಿಂದ ತೆಗೆದಳು:
ಹೆಬ್ಬೆರಳಿಗಿಂತ ಚೂರು ದಪ್ಪ, ನೇರಳೆ ಬಣ್ಣ.
ಇದೇನೆಂದು ನನಗೆ ತಿಳಿಯದು ಅಂದುಕೊಂಡಳು, ಪಾಪ.
ತಿಳಿಯದವಳ ಹಾಗೆ ನಾನೂ ಕನ್ನಡಕ ಒರೆಸಿದೆ.

ನಮ್ಮ ಓಣಿಯ ಪಾರ್ಸಲ್ಲೆಲ್ಲ ಬರುವುದು ಮೊಂಚೊನ ಬಾರಿಗೆ.
ಕೌಂಟರಿನ ಮೇಲೆ, ಆಲಿವ್ ತಟ್ಟೆಯ ಪಕ್ಕ, ನನ್ನ ಹೆಸರು.
'ಒಳಗೇನೋ ಗುಂಯ್‌ಗುಡುತ್ತಿದೆಯಲ್ಲ?'
'ಬಲೆಯ ಸಾಮಾನು' ಎಂದೆ.
ಸುಳ್ಳೇನಲ್ಲ.

ಮಂಗಳವಾರ, ಶುಕ್ರವಾರ, ರಾತ್ರಿ ಪಾತ್ರೆ ತೊಳೆದ ಮೇಲೆ.
ಮಂಡಿಯ ಕೆಳಗೆ ಎರಡು ದಿಂಬು.
ಮೊದಲು ಬಿಸಿನೀರಿನ ಚೀಲ.
ತೆಳುಬಟ್ಟೆಯ ಮೇಲಿನಿಂದ, ಎಲ್ಲಕ್ಕಿಂತ ಸಣ್ಣ ವೇಗ, ಐದೇ ನಿಮಿಷ.
ಒತ್ತಬೇಡಿ ಎಂದಿದ್ದಳು, ಸುಮ್ಮನೆ ಒರಗಿಸಿ.
ನೋವಿನ ಹೊಸ್ತಿಲಲ್ಲಿ ನಿಂತು ಕಾಯಿರಿ,
ಒಳಗೆ ನುಗ್ಗಬೇಡಿ.
ಅದು ಬೇಡ ಅಂದರೆ ಅಂದಿಗೆ ಸಾಕು.

ಮೊದಲ ವಾರ ಏನೂ ಆಗಲಿಲ್ಲ.
ಹಲ್ಲು ಕಚ್ಚಿಕೊಂಡು ಸಡಿಲಾಗಲು ಹೊರಟಿದ್ದೆ!
ಎರಡನೇ ಶುಕ್ರವಾರ ಆಚೆ ಕೋಣೆಯಿಂದ ಬೆನಿಗ್ನೊ
'ಫ್ರಿಜ್ಜು ಮತ್ತೆ ಕೆಟ್ಟಿತಾ?' ಎಂದ.
ನಗು ಬಂತು.
ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಹೊದಿಕೆ ಕಚ್ಚಿ,
ಆ ನಗುವಿನ ಬಾಲದಲ್ಲಿ
ಏನೋ ಒಂದು ಎಳೆ, ಕೂದಲಷ್ಟು,
ಜಾರಿತು.

ಉಪ್ಪು ಕಟ್ಟಿದ ಗಂಟನ್ನು ನಾವು ಎಳೆಯುವುದಿಲ್ಲ.
ಬೆರಳುಗಳ ನಡುವೆ ಇಟ್ಟು ಹೊರಳಿಸುತ್ತೇವೆ,
ಮೀನಿನ ರೇಟು ಮಾತಾಡುತ್ತೇವೆ, ಯಾರದೋ ಸೊಸೆಯನ್ನು ಬಯ್ಯುತ್ತೇವೆ,
ನಾವು ನೋಡದೇ ಇದ್ದಾಗ ಅದು ತಾನೇ ಬಾಯಿ ಬಿಡುತ್ತದೆ.
ನಲವತ್ತೊಂದು ವರ್ಷದಿಂದ ನನ್ನ ಕೈಗೆ ಇದು ಗೊತ್ತಿತ್ತು.
ಕೈ ನನಗೆ ಹೇಳಿರಲಿಲ್ಲ.

ಸುಖವಾ ಎಂದರೆ, ಕೆಲವು ಶುಕ್ರವಾರ, ಹೌದು.
ಇರಿಯಾ ಕೊಟ್ಟ ಪಟ್ಟಿಯಲ್ಲಿ ಅದಕ್ಕೆ ಖಾನೆ ಇರಲಿಲ್ಲ,
ಬರೆಯಲಿಲ್ಲ.

ನೋವು ಪೂರ್ತಿ ಹೋಗಿಲ್ಲ. ಹವಾ ಬದಲಾದರೆ ಬಂದು
ಅಂಗಳದಲ್ಲಿ ನಿಂತು ಹೋಗುತ್ತದೆ.
ಆದರೂ ನಿನ್ನೆ, ಫಿನಾಳ ಅತ್ತೆಯ ವರ್ಷದ ಬಲಿಪೂಜೆಯಲ್ಲಿ,
ಪಾದ್ರಿ ಎಷ್ಟು ಎಳೆದರೂ, ಬೋಳು ಮರದ ಬೆಂಚಿನ ಮೇಲೆ
ಕೊನೆತನಕ ಕೂತಿದ್ದೆ.
ಪಕ್ಕದಲ್ಲಿ ಫಿನಾ
ಈ ಕಡೆಯಿಂದ ಆ ಕಡೆಗೆ ಭಾರ ಬದಲಿಸುತ್ತಿದ್ದಳು.

'ಎಲ್ಲಿ ನೋವು?' ಪಿಸುಗುಟ್ಟಿದೆ.
'ಬೆನ್ನು' ಎಂದಳು,
ನನ್ನ ಮುಖ ನೋಡದೆ.

'ಕಾರ್ಬಾಲ್ಯೊಗೆ ಬೆಳಿಗ್ಗೆಯ ಬಸ್ಸು ಹಿಡಿ.
ಮೊಂಚೊ ಕೇಳಿದರೆ
ಬಲೆಯ ಸಾಮಾನು ಅನ್ನು.'