ಬೇಯಿಸಿದ ಕಪ್ಪು

ಬಚ್ಚಲ ಕಲ್ಲಿನ ಮೇಲೆ ಬಿಚ್ಚಿ ಮಲಗಿಸಿದ್ದೇನೆ
ಎಜ್ಡಿಯ ಇಂಜಿನ್ನು:
ಕೇಸಿನ ಎರಡು ಹೋಳು, ಬ್ಯಾರಲ್ಲು, ಹೆಡ್ಡು.
ಸೀಮೆಎಣ್ಣೆ, ಹಲ್ಲುಜ್ಜಿ ಬಿಸಾಕಿದ ಬ್ರಷ್ಷು, ಮೂರು ಭಾನುವಾರ.
ಜಿಡ್ಡಿನಡಿ ಯಾರೋ ಬಳಿದ ಬೆಳ್ಳಿ,
ಬೆಳ್ಳಿಯಡಿ ಇನ್ಯಾರೋ ಆಸೆಪಟ್ಟ ಗಿಣಿಹಸಿರು.
ಒಂದೂ ನಿಂತಿಲ್ಲ.

ನಾನು ಕಂಡಕ್ಟರು. ಬನಶಂಕರಿ, ಶಿವಾಜಿನಗರ, ಮತ್ತೆ ಬನಶಂಕರಿ.
ಹದಿನಾರು ವರ್ಷ ಬಸ್ಸಿನ ಕಂಬಿ ಹಿಡಿದವಳಿಗೆ ಗೊತ್ತು
ಲೋಹ ಎಲ್ಲಿ ಕೆಡುತ್ತದೆಂದು:
ಕೈ ಬೀಳುವಲ್ಲಿ ಬರೀ ಸವೆತ,
ಕೈ ತಲುಪದ ಮೂಲೆಯಲ್ಲಿ ತುಕ್ಕು.

ಪೀಣ್ಯದಲ್ಲಿ ನಿಂಗರಾಜು ಪೌಡರ್ ಕೋಟಿಂಗ್ ಅಂದ.
ಗೇಟು, ಗ್ರಿಲ್ಲು, ಯಾವುದೋ ಜಿಮ್ಮಿನ ಕಬ್ಬಿಣ
ಕೊಕ್ಕೆಗೆ ನೇತುಬಿದ್ದು ಒಣಗುತ್ತಿದ್ದವು.
‘ಹತ್ತು ವರ್ಷ ಮೇಡಂ, ಬೇಕಾದ್ರೆ ಬರೆದು ಕೊಡ್ತೀನಿ.’
ಬರೆದು ಕೊಡುವ ಮಾತು ನನಗೆ ಹೇಳಬೇಕೆ?
ಟಿಕೆಟ್ಟಿನ ಹಿಂದೆ ಎಂಟು ರೂಪಾಯಿ ಅಂತ ಗೀಚಿ
ಕೊಡದೇ ಉಳಿದ ಚಿಲ್ಲರೆ
ಈಗಲೂ ರಾತ್ರಿ ಎಣಿಕೆಗೆ ಬರುತ್ತದೆ.
ಅವನದು ದಪ್ಪ ಕಂಬಳಿ. ರೆಕ್ಕೆಗಳ ಸಂದು ತುಂಬಿ
ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಉಸಿರು ಕಟ್ಟುತ್ತದೆ.
ಒಂದು ಜಲ್ಲಿಕಲ್ಲು ಸಿಡಿದರೆ ಒಳಗೆ ನೀರು ಸಂಸಾರ ಹೂಡುತ್ತದೆ,
ಹೊರಗೆ ಹೊಳಪು ಹಾಗೇ ಇರುತ್ತದೆ.
ಅದೇ ನನಗೆ ಸರಿಬರಲಿಲ್ಲ.

ಬಫ್ ಮಾಡಿ ಬರಿಮೈ ಬಿಡಿ, ಅಂದರು ಜೆ.ಸಿ. ರಸ್ತೆಯಲ್ಲಿ.
ಕನ್ನಡಿ ಥರ ಕಾಣುತ್ತಂತೆ.
ವಾರವಾರ ಕನ್ನಡಿಯ ಮುಖ ತೊಳೆಯುವ ಬಿಡುವು
ನನ್ನ ಮುಖಕ್ಕೇ ಇಲ್ಲ.

ಕಲಾಸಿಪಾಳ್ಯದ ಮುಕ್ರಂ ಪಾಷಾ ಒಂದು ಡಬ್ಬಿ ಅಲುಗಾಡಿಸಿದ,
ಒಳಗೆ ಗೋಲಿ ಕಟಕಟ ಅಂದಿತು.
‘ತೆಳ್ಳಗಿನ ಕಪ್ಪು. ಶಾಖಕ್ಕೆ ಹೆದರಲ್ಲ.
ಗೀಚಿದ್ರೆ ಗೀಚಿದಷ್ಟಕ್ಕೇ ಮತ್ತೆ ಹಚ್ಚಿಕೊಳ್ಳಿ.
ಆದ್ರೆ ಬೇಯಿಸಬೇಕು ಮೇಡಂ, ಒಂದು ಗಂಟೆ, ಚೆನ್ನಾಗಿ.
ಹಸಿ ಬಿಟ್ರೆ ಪೆಟ್ರೋಲಿನ ಒಂದೇ ತೊಟ್ಟಿಗೆ ಎದ್ದು ಬರುತ್ತೆ.’

ಎಲ್ಲಿ ಬೇಯಿಸಲಿ?
ಪಕ್ಕದ ಮನೆಯ ಓವನ್ನಿಗೆ ಒಂದು ಕೇಕೇ ಕಷ್ಟ.

ಮಾವಳ್ಳಿಯಲ್ಲಿ ನಾನು ದಿನಾ ಖಾರಾ ಬನ್ನು ಕೊಳ್ಳುವ ಬೇಕರಿ
ಆ ಶನಿವಾರ ಮುಚ್ಚುವುದಿತ್ತು. ಕಟ್ಟಡ ಕೈ ಬದಲಾಗಿತ್ತು.
ನಾಚಿಕೊಂಡೇ ಕೇಳಿದೆ.
ತಿರುವೆಂಗಡಯ್ಯಂಗಾರರು ಕನ್ನಡಕ ಒರೆಸಿಕೊಂಡು
‘ಇನ್ನು ಇದರಲ್ಲಿ ತಿನ್ನೋದು ಬೇಯೋದಿಲ್ಲ. ತಗೊಂಡು ಬಾ’ ಅಂದರು.

ಕೊನೆಯ ಟ್ರಿಪ್ಪು ಮುಗಿಸಿ, ಯೂನಿಫಾರಮ್ಮಿನಲ್ಲೇ,
ಆಟೋದಲ್ಲಿ ಮಡಿಲ ಮೇಲೆ ಇಂಜಿನ್ನಿನ ಹೋಳು ಹೊತ್ತು ಹೋದೆ.
ಸೌದೆ ಆರಿ, ಇಟ್ಟಿಗೆ ಗೂಡಿನ ಒಳಗೆಲ್ಲಾ ಕಾವು ಕೂತಿತ್ತು.
ಅವರು ಹಳೇ ಲೆಕ್ಕದ ಪುಸ್ತಕದ ಹಾಳೆ ಹರಿದು ಒಳಗಿಟ್ಟರು:
‘ಕಂದಿದರೆ ಬನ್ನು, ಹಳದಿಯಾದರೆ ರಸ್ಕು.’
ನಾನೂ ಜೇಬಿನಿಂದ ಒಂದು ಟಿಕೆಟ್ಟು ಇಟ್ಟೆ;
ಕಣ್ಣು ಮಿಟುಕಿಸುವಷ್ಟರಲ್ಲಿ ಕರ್ರಗಾಯಿತು.
‘ನಿಮ್ಮ ಕಾಗದ ಬೇಗ ಹೆದರುತ್ತಮ್ಮ’ ಅಂತ ನಕ್ಕರು.
ಅವರ ಹಾಳೆ ನಿಧಾನಕ್ಕೆ ಹಳದಿಯಾಯಿತು.
ಉದ್ದ ಹಿಡಿಯ ಮರದ ಸಲಿಕೆಯಲ್ಲಿ
ಬ್ಯಾರಲ್ಲನ್ನು ಕೂಸಿನ ಹಾಗೆ ಒಳಗೆ ಸರಿಸಿದರು.

ಒಂದು ಗಂಟೆ.
ಸಕ್ಕರೆಯ ವಾಸನೆಯ ಮೇಲೆ ಬಣ್ಣದ ಘಾಟು ಏರಿತು.
ಅವರು ಗಾಜಿನ ಭರಣಿಗಳನ್ನು ಒಂದೊಂದಾಗಿ ಒರೆಸಿ
ಮುಚ್ಚಳ ಹುಡುಕಿ ಹಾಕುತ್ತಿದ್ದರು,
ಬೆಳಗ್ಗೆ ಅಂಗಡಿ ತೆರೆಯುವವರ ಹಾಗೆ.
ಎಷ್ಟು ವರ್ಷ ಬಾಳುತ್ತೆ ಇದು, ಅಂತ ಕೇಳಿದರು.
ಗೊತ್ತಿಲ್ಲ, ಅಂದೆ.

ಸೋಮವಾರ ಮುಕ್ರಂ ಪಾಷಾ ಪೆಟ್ರೋಲು ತೊಟ್ಟಿಕ್ಕಿಸಿ
ಬಿಳಿ ಬನಿಯನ್ ಚೂರಿನಿಂದ ಒತ್ತಿ ಒರೆಸಿದ.
ಬಟ್ಟೆ ಬೆಳ್ಳಗೇ ಬಂತು.
ಆಮೇಲೆ ಕಣ್ಣು ಕಿರಿದು ಮಾಡಿದ:
ಎಡಗಡೆ ಮೂರನೇ ರೆಕ್ಕೆಯ ಬುಡದಲ್ಲಿ
ಬಣ್ಣದೊಳಗೆ ಬೆಂದು ಕೂತ
ಒಂದು ಜೀರಿಗೆ ಕಾಳು.
ಉಗುರು ತಂದ.

ಇರಲಿ ಬಿಡಿ, ಅಂದೆ.