ಮೂವತ್ತು ರೂಪಾಯಿಯ ವೆನಿಸ್

ಶಹಾಬಾದ ಸ್ಟೇಷನ್ನಿನೆದುರು ನಮ್ಮ ಸ್ಟುಡಿಯೋದಾಗ
ಮೂವತ್ತು ರೂಪಾಯಿಗೆ ವೆನಿಸ್.
ಬಿಸ್ಕಿಟ್ ಡಬ್ಬಿಯ ಮುಚ್ಚಳ ನೋಡಿ
ಲಾಡ್ಲೇಸಾಬರು ಬರೆದ ಪರದೆ:
ನೀರ ಓಣಿ, ಕಮಾನು, ಕೊಕ್ಕಿನ ದೋಣಿ.
ನೀರಿಗೆ ಮಾತ್ರ ಕಾಗಿಣಾದ ಬಣ್ಣ,
ಶ್ರಾವಣದ್ದು.

ಕಲ್ಲಿನ ಖಣಿಯ ದೇವಕ್ಕೆಮ್ಮ, ಹೊಸ ಮದಲಗಿತ್ತಿ,
ಫೋಟೋ ಹೊಡೆಯೋ ಹೊತ್ತಿಗೆ ಹೊರಳಿ ನೋಡಿದಳು:
"ಇವರು ಅರಿವಿ ಎಲ್ಲಿ ಒಣಗಿಸ್ತಾರ?
ಎಮ್ಮಿ ಎಲ್ಲಿ ಕಟ್ತಾರ?"
ಮರುದಿನ ಸಾಬರು
ಕಿಟಕಿಯಿಂದ ಕಿಟಕಿಗೆ ಹಗ್ಗ ಎಳೆದು
ಒಂದು ಹಸಿರು ಸೀರೆ ಹರವಿದರು;
ಮೆಟ್ಟಿಲ ಬುಡಕ್ಕೊಂದು ಎಮ್ಮೆ,
ಕೊಂಬನ್ನು ಕಡ್ಡಿಯಲ್ಲಿ ಗೀರಿ.

ನಿಜವಾಗಿ ಇಟಲಿಗೆ ಹೊರಟವರು ಒಬ್ಬರೇ,
ದವಾಖಾನೆಯ ಸಿಸ್ಟರ್ ಬೆನಿಗ್ನಾ.
ಪಾಸ್‌ಪೋರ್ಟಿಗೆ ಬಿಳಿ ಗೋಡೆಯೇ ಬೇಕಂತೆ.
ಅಪ್ಪ ವೆನಿಸನ್ನು ಸುರುಳಿ ಸುತ್ತಿ
ಮೂಲೆಗೆ ನಿಲ್ಲಿಸಿದ.
ಆಕೆಯ ಹಿಂದೆ ಸುಣ್ಣ, ಒಂದು ಮೊಳೆ.

ಎಳ್ಳಮಾಸಿ ಹೊತ್ತಿಗೆ ಕಾರ್ಡು ಬಂತು.
ನೀರು ಹಸಿರು. ಹಗ್ಗ ಇತ್ತು.
ಅಂಗಿ, ಚಾದರ, ಯಾರದೋ ಕಾಲುಚೀಲ.
ಎಮ್ಮೆ ಇರಲಿಲ್ಲ.

ಲಾಡ್ಲೇಸಾಬರು ಕನ್ನಡಕ ಹಣೆಗೇರಿಸಿ
ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದರು, ಬಾಳ ಹೊತ್ತು.
"ನೆರಳು ನೋಡ್ರಿ, ಗಿಡ್ಡ ಅದ.
ಮೇಯಲಾಕ ಹೋಗಿರಬೇಕು."