ಬಲಗಣ್ಣು ಮುಚ್ಚಿ ಓದು

ಮೂರಕ್ಕೆ ಎರಡು.
ರೆಫರಿ ನಿಮ್ಮಿಬ್ಬರ ಮಣಿಕಟ್ಟೂ ಹಿಡಿದು ನಿಂತಿದ್ದ,
ಹೆಸರು ಕೂಗಿದಾಗ ಒಂದನ್ನು ಎತ್ತಿದ.
ನಿನ್ನದು ಅವನ ಕೈಯಲ್ಲೇ ಉಳಿಯಿತು, ಕೆಳಗೆ,
ರಸ್ತೆ ದಾಟಿಸಲು ಹಿಡಿದ ಮಗುವಿನ ಕೈಯ ಹಾಗೆ,
ದಾಟಿಯಾದ ಮೇಲೂ ಬಿಡಲು ಮರೆತು.
ಮೈಕಿನವನು ನಾಗವೇಣಿಯನ್ನು ನಾಗ್ವೇನಿ ಅಂದ.
ಗೆದ್ದಿದ್ದರೆ ತಿದ್ದುತ್ತಿದ್ದೆಯೇನೋ.

ಕಂಠೀರವದ ಹಿಂಬಾಗಿಲಲ್ಲಿ ಪಳನಿ ಮಾಸ್ಟರು
ಗ್ಲೌಸಿನ ಚೀಲ ನನ್ನ ಹೆಗಲಿಗೇರಿಸಿ
"ಇವತ್ತು ಏನೂ ಹೇಳ್ಬೇಡಪ್ಪಾ" ಅಂದರು.
ಸುಲಭದ ಕೆಲಸ ಅಂದುಕೊಂಡೆ.
ಹಡ್ಸನ್ ಸರ್ಕಲ್ ದಾಟುವಷ್ಟರಲ್ಲಿ
ನಾಲಗೆಯ ತುದಿಗೆ ಏಳು ವಾಕ್ಯ ಬಂದಿದ್ದವು.
ಏಳನ್ನೂ ನುಂಗಿದೆ.
ಅದರಲ್ಲೊಂದು, "ಚೆನ್ನಾಗೇ ಆಡಿದೆ ಬಿಡು".
ಅದನ್ನು ನುಂಗಿದ್ದೇ ಒಳ್ಳೆಯದಾಯಿತು.

ಆಟೋದವನು ಕನ್ನಡಿಯಲ್ಲಿ ನಿನ್ನ ಎಡಗಣ್ಣು ನೋಡಿದ,
ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು.
ಆಮೇಲೆ ನನ್ನನ್ನು ನೋಡಿದ.
ಮಾರ್ಕೆಟ್ ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ, ತಿರುಗಿ,
"ಹೆಣ್ಮಕ್ಕಳ ಮೇಲೆ ಕೈ ಮಾಡೋದು ಗಂಡಸುತನ ಅಲ್ಲ ಸಾರ್."
"ಇವರಲ್ಲಣ್ಣ," ಅಂದೆ ನೀನು,
"ಇವರ ಕೈಲಿ ಉಪ್ಪಿನಕಾಯಿ ಜಾಡಿ ಮುಚ್ಚಳಾನೂ ತೆಗೆಯೋಕಾಗಲ್ಲ."
ಆ ದಿನದ ಮೊದಲ ನಗು.
ಒಡೆದಿದ್ದ ತುಟಿ ಮತ್ತೆ ಒಡೆಯಿತು.
ಇಳಿಯುವಾಗ ಮೀಟರಿಗಿಂತ ಹತ್ತು ರೂಪಾಯಿ ಕಡಿಮೆ ತಗೊಂಡ,
ನಿನ್ನ ಕೈಯಿಂದ.
ನನ್ನ ಮುಖ ಮಾತ್ರ ನೋಡಲಿಲ್ಲ.

ಐಸಿಗೆ ಕಬ್ಬಿನ ಹಾಲಿನ ಗಾಡಿಗೆ ಹೋದೆ.
ಗೋಣಿ ಸರಿಸಿ, ಮರದ ಕೊಡತಿಯಲ್ಲಿ ಗುದ್ದಿ
ಕವರು ತುಂಬ ಕೊಟ್ಟ.
ಅಷ್ಟು ದೊಡ್ಡ ಗಡ್ಡೆ ಮೂರೇ ಪೆಟ್ಟಿಗೆ ಚೂರಾಗುವುದನ್ನು
ಇವತ್ತು ನಾನು ನೋಡಬಾರದಿತ್ತು.

ಹನ್ನೊಂದು ದಿನ ನೀನು ಅನ್ನ ಮುಟ್ಟಿರಲಿಲ್ಲ,
ಐವತ್ತು ಕೆಜಿಯ ಗೆರೆಯೊಳಗೆ ನಿಲ್ಲಲು
ಎಂಜಲನ್ನೂ ಲೆಕ್ಕ ಹಾಕಿ ಉಗಿದಿದ್ದೆ.
ಈಗ ಬಟ್ಟಲ ತುಂಬ ಮೊಸರನ್ನ,
ಚಮಚ ಬಾಯಿಯ ಒಂದೇ ಮೂಲೆಯಿಂದ ಒಳಗೆ.
"ನಿನ್ನೇನೇ ತಿಂದಿದ್ರೂ ಇಷ್ಟೇ ಆಗ್ತಿತ್ತು."
ಎಂಟನೆಯ ವಾಕ್ಯವನ್ನೂ ನುಂಗಿದೆ.

ಚಿಕ್ಕಪೇಟೆಯ ಕನ್ನಡಕದಂಗಡಿಯಲ್ಲಿ
ದಿನಕ್ಕೆ ನಲವತ್ತು ಜೋಡಿ ಕಣ್ಣು ನೋಡುವವನು ನಾನು.
ಬೇರೆ ಏನು ಗೊತ್ತು ನನಗೆ?
ಅಂಗೈಯಿಂದ ನಿನ್ನ ಬಲಗಣ್ಣು ಮುಚ್ಚಿ
ಗೋಡೆಯ ಕ್ಯಾಲೆಂಡರು ತೋರಿಸಿದೆ. "ಓದು."
"ಗುರುವಾರ. ಹದಿನಾಲ್ಕು.
ರಾಹುಕಾಲ ಒಂದೂವರೆಯಿಂದ ಮೂರು."
"ಕೊನೇ ಸಾಲು?"
"ಗವಿಸಿದ್ಧ ಚಿಟ್ ಫಂಡ್ಸ್. ನಂಬಿಕೆಯೇ ನಮ್ಮ ಬಂಡವಾಳ."
"ದೃಷ್ಟಿಗೇನೂ ಆಗಿಲ್ಲ" ಅಂದೆ,
ಅಂಗಡಿಯ ದನಿಯಲ್ಲಿ.

ಆಗ ನೀನು, ಊದಿದ ಬೆರಳುಗಳಲ್ಲಿ
ನನ್ನ ಎರಡೂ ಕಣ್ಣು ಮುಚ್ಚಿ,
"ಈಗ ನೀನು ಹೇಳು. ಮೂರನೇ ರೌಂಡಲ್ಲಿ ಏನು ಕಂಡೆ?"

ಸುಳ್ಳು ಹೇಳಲು ಅಷ್ಟು ಕತ್ತಲೆ ಸಾಕಿತ್ತು.
"ನೋಡಲಿಲ್ಲ" ಅಂದೆ.
"ಗಂಟೆ ಹೊಡೆದಾಗಿನಿಂದ ಕಣ್ಣು ಮುಚ್ಚಿಕೊಂಡಿದ್ದೆ.
ಶಬ್ದ ಎಣಿಸುತ್ತಿದ್ದೆ. ಯಾವುದು ನೀನು ಕೊಟ್ಟಿದ್ದು,
ಯಾವುದು ನಿನಗೆ ಬಿದ್ದಿದ್ದು, ತಿಳಿಯದೆ."

ಬಹಳ ಹೊತ್ತು ನೀನು ಬೆರಳು ತೆಗೆಯಲಿಲ್ಲ.
ಐಸು ಕರಗಿ ಎಲ್ಲಿಂದಲೋ ನನ್ನ ತೊಡೆಗೆ ಹನಿಯುತ್ತಿತ್ತು.
"ನಾನೂ ಮುಚ್ಚಿದೆ" ಅಂದೆ ನೀನು.
"ಒಂದೇ ಸಲ. ಅದಕ್ಕೇ ಬಿತ್ತು."

ಪಳನಿ ಮಾಸ್ಟರಿಗೂ ಹೇಳಿಲ್ಲ ನೀನು ಇದನ್ನು.

ನೀನು ಮಲಗಿದ ಮೇಲೆ ಚೀಲ ತೆರೆದೆ.
ಕೈಗೆ ಸುತ್ತುವ ಪಟ್ಟಿಗಳು, ಮುದ್ದೆಯಾಗಿ,
ಬಿಡಿಸಿದರೆ ಒಂದೊಂದೂ ನಾಲ್ಕೂವರೆ ಮೀಟರು.
ಬಕೆಟ್ಟಿನ ನೀರು ಕೆಂಪಾಗಲಿಲ್ಲ,
ಕಾಫಿಯ ಎರಡನೇ ಡಿಕಾಕ್ಷನ್ನಿನ ಹಾಗಾಯಿತು.
ತಾರಸಿಯ ತಂತಿಯಿಂದ ಎರಡೂ ಇಳಿಬಿಟ್ಟೆ,
ಪಕ್ಕದ ಮನೆಯವರ ಸೀರೆಗೆ ತಾಗದಂತೆ.
ಒಣಗಿದ ಮೇಲೆ ಸುತ್ತಿಡಬೇಕು,
ಹೆಬ್ಬೆರಳಿನ ಕುಣಿಕೆ ಹೊರಗೆ ಬರುವ ಹಾಗೆ.
ಹೋದ ಸಲ ತಿರುಗಾಮುರುಗಾ ಸುತ್ತಿ ಬೈಸಿಕೊಂಡಿದ್ದೆ.

ಐದು ಗಂಟೆಯ ಅಲಾರಂ
ಆರಿಸಲೋ ಬೇಡವೋ ಅಂತ ಸ್ವಲ್ಪ ಹೊತ್ತು ನಿಂತೆ.
ಅದು ನಿನ್ನ ಫೋನು.
ಮುಟ್ಟಲಿಲ್ಲ.